ಮೆರ್ಲೋ ಮತ್ತು ಮಾವನವರ ಕವಳ

ಮಕ್ಕಳೇ, ಮೊನ್ನೆ ನೀವು ವೈನ್ ತಂದು, ಅದನ್ನು ಹೇಗೆ ಮೂಸಬೇಕು, ಹೇಗೆ ಕುಡಿಯಬೇಕು ಎಂದು ನನಗೆ ಅರ್ಧ ಗಂಟೆ ಪಾಠ ಮಾಡಿದಿರಿ. ಏನೂ ತಿಳಿಯದ ಅಜ್ಜಿ, ಪಾಪ! ಆ ಪಾಠ ನನಗೆ ವಾರಾಹಿ ವಿದ್ಯುತ್ ಯೋಜನೆಯ ಕೆಲಸ ನಡೆಯುತ್ತಿದ್ದ ಕಾಲದಲ್ಲೇ ಆಗಿತ್ತು. ಬಾಗಿಲ ಸಂದಿಯಿಂದ ಕಲಿತದ್ದು, ಅಷ್ಟೇ.

ತೀರ್ಥಹಳ್ಳಿ ಸೀಮೆಯ ನಮ್ಮ ಮನೆಗೆ, ನನ್ನ ನಾದಿನಿಯನ್ನು ನೋಡಲು ಮಾಸ್ತಿಕಟ್ಟೆಯಿಂದ ಆ ಯೋಜನೆಯ ಒಬ್ಬ ಇಂಜಿನಿಯರ್ ಬಂದಿದ್ದ. ಹುಡುಗ ಅವಳಿಗೆ ಮೆಚ್ಚುಗೆಯಾಗಿದ್ದ. ಆದರೆ ಹಿಂದಿನ ಎರಡು ಸಂಬಂಧಗಳು 'ಹಳ್ಳಿ ಮನೆ' ಎಂದು ತಪ್ಪಿಹೋಗಿದ್ದವು. ಈ ಸಲ ಹೂಂ ಎನ್ನಬೇಕಾದವರು ಹುಡುಗನ ದೊಡ್ಡಪ್ಪ. ಅವರು ಕೆಲವು ತಿಂಗಳು ಫ್ರಾನ್ಸಿನಲ್ಲಿದ್ದು ಬಂದಿದ್ದರು. ಅಷ್ಟರಲ್ಲೇ ಸೆಖೆ ತಡೆಯಲಾರದವರಾಗಿದ್ದರು, ಆದರೂ ಕೋಟು ಬಿಚ್ಚಿರಲಿಲ್ಲ.

ಅತ್ತೆ ಮಾಡಿದ ಕೇಸರಿಬಾತನ್ನು ಪಕ್ಕಕ್ಕೆ ಸರಿಸಿ ಅವರು ಬಾಟಲಿ ತೆಗೆದರು. "ಇದು ಮೆರ್ಲೋ ವೈನ್. ಓಕ್ ಮರದ ಪೀಪಾಯೀಲಿ ಇಟ್ಟು ಹದ ಮಾಡಿದ್ದು. ಮನೆತನದ ಅಭಿರುಚಿ ಇದ್ರಲ್ಲೇ ಗೊತ್ತಾಗ್ತದೆ."

"ಓಕ್ ಅಂದ್ರೆ ನಮ್ಮ ಹೊನ್ನೆ ಥರಾನಾ? ಗೆದ್ದಲು ಹಿಡಿಯಲ್ವಾ?" ಎಂದರು ಮಾವನವರು.

ಬಾಗಿಲ ಹಿಂದೆ ನಾದಿನಿ ನನ್ನ ಕೈ ಹಿಂಡಿದಳು. "ಅತ್ತಿಗೆ, ಅಪ್ಪಯ್ಯ ಇದನ್ನೂ ಕೆಡಿಸ್ತಾರೆ ನೋಡಿ."

ಸ್ಟೀಲ್ ಲೋಟಗಳಿಗೆ ವೈನ್ ಬಿತ್ತು. ಮೂಸಬೇಕು, ಬಾಯಲ್ಲಿ ಆಡಿಸಬೇಕು, ಆಮೇಲೆ ಉಗುಳಬೇಕು ಎಂದರು ದೊಡ್ಡಪ್ಪ.

"ಉಗುಳೋದಾ? ಅದನ್ನ ಮೊದ್ಲೇ ಹೇಳ್ಬಾರ್ದಾ ಮಾರಾಯ್ರೆ!" ಮಾವನವರ ಮುಖ ಅರಳಿತು. ಎದ್ದಾಗಿನಿಂದ ಮಲಗುವವರೆಗೆ ಅವರ ಬಾಯಿಂದ ಎಲೆಯಡಿಕೆ ಕವಳ ಇಳಿದದ್ದೇ ಇಲ್ಲ. ಫ್ರಾನ್ಸಿನ ವೈನಿಗಾಗಿ ಇಳಿಸುತ್ತಾರೆಯೇ? ಅದರ ಮೇಲೇ ಸುರಿದುಕೊಂಡು, ಆಡಿಸಿ, ಜಗಲಿ ಅಂಚಿಗೆ ಹೋಗಿ ದಾಸವಾಳದ ಗಿಡದಾಚೆ ಬೀಳುವಂತೆ ಪಿಚಕ್ಕನೆ ಉಗುಳಿದರು. ದೊಡ್ಡಪ್ಪ ಉಗುಳಿದ್ದು ಅವರದೇ ಟೈ ಮೇಲೆ ಇಳಿಯಿತು.

"ಏನು ರುಚಿ ಸಿಕ್ತು?" ಎಂದು ದೊಡ್ಡಪ್ಪ ಕೇಳಿದರು.

"ಅಡಿಕೆ ಒಗರು" ಎಂದರು ಮಾವನವರು. ಬಾಯಲ್ಲಿ ಇದ್ದದ್ದನ್ನೇ ಹೇಳಿದರು; ಸುಳ್ಳಾಡುವ ಅಭ್ಯಾಸ ಅವರಿಗಿರಲಿಲ್ಲ.

ನಾದಿನಿ ಕಣ್ಣು ಮುಚ್ಚಿಕೊಂಡಳು. ಆದರೆ ದೊಡ್ಡಪ್ಪ ತೊಡೆ ತಟ್ಟಿದರು. "ಟ್ಯಾನಿನ್! ಅದೇ! ಓಕ್ ಕೊಡೋ ಒಗರು! ಪ್ಯಾರಿಸ್ಸಿನಲ್ಲೂ ಇಷ್ಟು ಬೇಗ ಹಿಡಿದವರನ್ನ ನಾ ಕಾಣ್ಲಿಲ್ಲ." ಹುಡುಗ ತನ್ನ ಪಾಲನ್ನು ಗಟಗಟ ನುಂಗಿ, ನಗು ತಡೆಯಲಾರದೆ ಕೆಮ್ಮಿದ. ಸಂಜೆಯೊಳಗೆ ತಾಂಬೂಲ ಬದಲಾಯಿತು.

ಲೋಟ ತೊಳೆಯುವಾಗ ಉಳಿದದ್ದನ್ನು ನಾವಿಬ್ಬರೂ ನಾಲಿಗೆಗೆ ಹಚ್ಚಿಕೊಂಡೆವು. "ಅತ್ತಿಗೆ, ಒಗರು ನಿಜಕ್ಕೂ ಇದೆಯಲ್ಲ!" ಎಂದಳು ಅವಳು. ಇತ್ತು. ಮೊದಲು ನೇರಳೆ ಹಣ್ಣು, ಆಮೇಲೆ ಒಗರು, ಕೊನೆಗೆ ಹಳೆಯ ಮರದ ಪೆಟ್ಟಿಗೆ ತೆರೆದಾಗ ಬರುವ ಪರಿಮಳ. ಚೆನ್ನಾಗಿತ್ತು. ನಮ್ಮನ್ನು ಯಾರೂ ಕೇಳಲಿಲ್ಲ, ನಾವೂ ಉಗುಳಲಿಲ್ಲ.

ತಮ್ಮ ಮೆರ್ಲೋದಿಂದಲೇ ಮದುವೆ ಕುದುರಿತೆಂದು ದೊಡ್ಡಪ್ಪ ಊರೆಲ್ಲ ಹೇಳಿಕೊಂಡು ಬಂದರು. ಮಾವನವರು ಇಲ್ಲವೆನ್ನಲಿಲ್ಲ. ಬಾಯಲ್ಲಿ ಕವಳವಿತ್ತು.