ಮುಯ್ಯಿ ಮಾಡಿ ಉಣ್ಣದೆ ಹೋದವರು

ನಮ್ಮಪ್ಪ ಒಂದೇ ಮಾತನ್ನು ಎರಡು ಸಲ ಹೇಳುವ ಮನುಷ್ಯನಲ್ಲ. ಆದರೆ ಆ ವರ್ಷ ನಾನು ಸಿರುಗುಪ್ಪಕ್ಕೆ ಹೋದಾಗಲೆಲ್ಲ, ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡದೆ ಇದೊಂದನ್ನು ಹೇಳಿಯೇ ಹೇಳುತ್ತಿದ್ದ: "ಒಂದು ರೂಪಾಯಿ ಬರ್ಲಿ. ಆಮ್ಯಾಲೆ ಅದನ್ನ ಕೆಲಸ ಅಂತೀನಿ."

ಅದು ಎಂದರೆ ನನ್ನ ಬ್ಲಾಗು. ಆಗ ನಾನು ಬಳ್ಳಾರಿಯ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ಬ್ಯಾನರು, ವಿಸಿಟಿಂಗ್ ಕಾರ್ಡು ಟೈಪ್ ಮಾಡುತ್ತಿದ್ದೆ. ಗಣಿ ದುಡ್ಡು ಬೀದಿಯಲ್ಲಿ ಹರಿಯುತ್ತಿದ್ದ ಕಾಲ ಅದು. ನಿನ್ನೆ ಸೈಕಲ್ ತುಳಿದುಕೊಂಡು ಬಂದವನು ಇವತ್ತು ಕಾರಿನಿಂದ ಇಳಿದು, ತನ್ನ ಹೆಸರಿನ ಕೆಳಗೆ ‘ಮೈನ್ಸ್ ಅಂಡ್ ಟ್ರಾನ್ಸ್‌ಪೋರ್ಟ್’ ಎಂದು ಬಂಗಾರದ ಬಣ್ಣದಲ್ಲಿ ಹಾಕು ಅನ್ನುತ್ತಿದ್ದ. ಇಡೀ ಊರಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನನಗೂ ಅಷ್ಟೇ. ಎಲ್ಲರೂ ಎಲ್ಲಿಗೋ ಹೊರಟಿದ್ದಾರೆ, ನಾನೊಬ್ಬಳೇ ಬೇರೆಯವರ ಹೆಸರು ಟೈಪ್ ಮಾಡುತ್ತಾ ಕೂತಿದ್ದೇನೆ ಅನಿಸಿ ಮೈಯೆಲ್ಲ ಉರಿಯುತ್ತಿತ್ತು.

ಅಂಗಡಿಯ ಯಜಮಾನರು ಒಳ್ಳೆಯವರು. ಬೆಳಿಗ್ಗೆ ಗಿರಾಕಿಗಳು ಬರುವ ಮುಂಚೆ ಒಂದು ತಾಸು ಕಂಪ್ಯೂಟರು ನಿನ್ನದು, ಏನು ಬೇಕಾದರೂ ಮಾಡಿಕೋ ಅಂದಿದ್ದರು. ಆ ಒಂದು ತಾಸಿನಲ್ಲಿ ನಾನು ಬರೆಯುತ್ತಿದ್ದೆ. ಕರೂರಿನಿಂದ ಭತ್ತದ ಗದ್ದೆಯ ಕೂಲಿಯವರನ್ನು ತುಂಬಿಕೊಂಡು ಬರುವ ಬಸ್ಸಿನ ಬಗ್ಗೆ, ಬಳ್ಳಾರಿಯ ಹಾಸ್ಟೆಲಿನ ಮಾಳಿಗೆಯ ಮೇಲೆ ಒಣಹಾಕಿದ ಬಿಳಿ ದುಪಟ್ಟಾ ಅದಿರಿನ ಧೂಳಿಗೆ ಸಂಜೆಯೊಳಗೆ ಕೆಂಪಾಗುವುದರ ಬಗ್ಗೆ, ನಮ್ಮ ಓಣಿಯ ಬಗ್ಗೆ. ಹೆಸರು ಹಾಕಿಕೊಳ್ಳುತ್ತಿರಲಿಲ್ಲ. ಬರೆದದ್ದನ್ನು ಹಾಳಾದ ಲಗ್ನಪತ್ರಿಕೆಯ ಹಾಳೆಗಳ ಹಿಂಬದಿಗೆ ಪ್ರಿಂಟು ತೆಗೆದು ಬ್ಯಾಗಿನಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಯಾರಿಗೂ ತೋರಿಸುತ್ತಿರಲಿಲ್ಲ.

ಬ್ಲಾಗಿನ ಬದಿಯಲ್ಲಿ ಜಾಹೀರಾತು ಹಾಕಿದರೆ ದುಡ್ಡು ಬರುತ್ತದೆ ಎಂದು ಯಾರೋ ಬರೆದಿದ್ದನ್ನು ಓದಿದೆ. ಓದುವವರು ಜಾಹೀರಾತನ್ನು ಒತ್ತಬೇಕು, ಒತ್ತಿದಷ್ಟು ಪೈಸೆ ಜಮಾ ಆಗಬೇಕು, ನೂರು ಡಾಲರ್ ತುಂಬಿದ ಮೇಲೆ ಚೆಕ್ಕು ಮನೆಗೆ ಬರುತ್ತದೆ. ಆ ಕಂಪನಿಗೆ ಆಗ ಕನ್ನಡ ತಿಳಿಯುತ್ತಿರಲಿಲ್ಲ. ಅದಕ್ಕೆ ಪ್ರತಿ ಬರಹದ ಕೆಳಗೆ ನಾಲ್ಕು ಸಾಲು ಇಂಗ್ಲಿಷ್ ಹೊಲಿಯುತ್ತಿದ್ದೆ. ಧೂಳಿನ ಬಗ್ಗೆ ಬರೆದರೆ ಪಕ್ಕದಲ್ಲಿ ಜೆಸಿಬಿ ಮಾರುವವರ ಜಾಹೀರಾತು ಬಂದು ಕೂರುತ್ತಿತ್ತು. ಕಂಪನಿಯವರು ಉದ್ದಾನುದ್ದ ಷರತ್ತು ಕಳಿಸಿದ್ದರು. ಕೊನೆಗೆ ‘ಒಪ್ಪಿಗೆ’ ಎಂಬುದನ್ನು ಒತ್ತಿ ಮುಂದೆ ಹೋದೆ. ಓದಲಿಲ್ಲ. ಅಷ್ಟು ತಾಳ್ಮೆ ಯಾರಿಗಿತ್ತು?

ಅಪ್ಪ ಗಡುವು ಕೊಟ್ಟಿದ್ದ. ನನ್ನ ಅಕ್ಕನನ್ನು ಕುರುಗೋಡಿಗೆ ಕೊಟ್ಟಿದ್ದರು. ಭಾವ ಅದಿರು ಸಾಗಿಸಲು ಎರಡು ಲಾರಿ ಇಟ್ಟಿದ್ದರು. ಅವರ ಬಳ್ಳಾರಿ ಆಫೀಸಿನಲ್ಲಿ ಟ್ರಿಪ್‌ಶೀಟ್ ಬರೆಯಲು ನಂಬಿಕೆಯವರೊಬ್ಬರು ಬೇಕಾಗಿದ್ದರು, ಪಗಾರ ನನ್ನದರ ಎರಡರಷ್ಟು. ಬಕ್ರೀದಿನೊಳಗೆ ಬ್ಲಾಗಿನಿಂದ ದುಡ್ಡು ಬಂದರೆ ಸರಿ, ಇಲ್ಲದಿದ್ದರೆ ಭಾವನ ಆಫೀಸು. ಅಲ್ಲೂ ಕಂಪ್ಯೂಟರಿತ್ತು. ಆದರೆ ಬೆಳಗಿನ ಜಾವವೇ ಲಾರಿಗಳು ಬಂದು ನಿಲ್ಲುವ ಜಾಗ ಅದು. ಆ ಒಂದು ತಾಸು ಅಲ್ಲಿ ಸಿಗುತ್ತಿರಲಿಲ್ಲ. ಆ ತಾಸು ಹೋದರೆ ನಾನು ಬರೆಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಹಾಗಾಗಿ ಆ ತಿಂಗಳುಗಳಲ್ಲಿ ನನ್ನ ಅವತಾರ ನೋಡಬೇಕಿತ್ತು. ಒಂದು ಲಗ್ನಪತ್ರಿಕೆಯ ನಡುವೆ ನಾಲ್ಕು ಸಲ ಜಮೆಯ ಪುಟ ತೆಗೆದು ನೋಡುತ್ತಿದ್ದೆ. ಒಮ್ಮೆ ವರನ ತಾತನ ಹೆಸರಿನ ಜಾಗದಲ್ಲಿ ವಧುವಿನ ತಾತನ ಹೆಸರು ಹಾಕಿ ಬೈಸಿಕೊಂಡೆ. ಇವತ್ತು ಎರಡು ಸೆಂಟು, ನಾಳೆ ಏನೂ ಇಲ್ಲ. ಮಲಗಿದರೆ ನಿದ್ದೆ ಇಲ್ಲ, ಕೂತರೆ ಸಮಾಧಾನ ಇಲ್ಲ. ಹೀಗೆ ತೆವಳುತ್ತಾ ತೆವಳುತ್ತಾ ಎಂಬತ್ತು ಡಾಲರ್ ದಾಟುವಾಗ ಬಕ್ರೀದಿಗೆ ಮೂರು ತಿಂಗಳೂ ಪೂರ್ತಿ ಉಳಿದಿರಲಿಲ್ಲ.

ಆಗಲೇ ಚಿಕ್ಕಪ್ಪನ ಮಗಳ ಮದುವೆ ಬಂತು, ಸಿರುಗುಪ್ಪದಲ್ಲಿ. ನಾವು ಪಿಂಜಾರರು, ಮನೆಯಲ್ಲಿ ಆಡುವುದು ಕನ್ನಡವೇ. ಹತ್ತಿ ಹಿಂಜಿ ಗಾದಿ ಹೊಲಿಯುವುದು ಕಸುಬು. ಮದುವೆಯಲ್ಲಿ ನಮ್ಮವ್ವನನ್ನು ನೋಡಬೇಕು. ಓದು ಬರಹ ಬಾರದು, ಆದರೆ ಯಾರ ಮನೆಯ ಮದುವೆಗೆ ತಾನು ಏನು ಮುಯ್ಯಿ ಮಾಡಿದ್ದೇನೆ, ಕೊಡವೋ ಸೀರೆಯೋ, ಎಲ್ಲ ನಾಲಿಗೆಯ ತುದಿಯಲ್ಲಿರುತ್ತದೆ. ಇವತ್ತು ನಾನು ನಿನ್ನ ಮನೆಗೆ, ನಾಳೆ ನೀನು ನನ್ನ ಮನೆಗೆ. ಮುಯ್ಯಿ ಮಾಡಿದವರು ಕೂತು ಎರಡು ತುತ್ತು ಉಂಡೇ ಹೋಗಬೇಕು. ಒಮ್ಮೆ ಬಾದನಹಟ್ಟಿಯ ದೊಡ್ಡಮ್ಮ ಅಕ್ಕನ ಮದುವೆಯಲ್ಲಿ ಬಸ್ಸು ತಪ್ಪುತ್ತದೆ ಎಂದು ಮುಯ್ಯಿಯ ತಾಟು ಕೊಟ್ಟು ಉಣ್ಣದೆ ಹೋಗಿದ್ದಳು. ಅವ್ವ ಎರಡು ವರ್ಷ ಅವಳ ಹೊಸ್ತಿಲು ತುಳಿಯಲಿಲ್ಲ. ತಾಟು ಯಾರಿಗೆ ಬೇಕಾಗಿತ್ತು, ನಮ್ಮನೆ ಅನ್ನ ಅವಳಿಗೆ ಬ್ಯಾಡಾತು ಎಂದು ಹೇಳಿಕೊಂಡು ಅತ್ತಿದ್ದಳು.

ಮದುವೆಯ ಮರುದಿನ ಹೆಂಗಸರೆಲ್ಲ ಕೂತು ಅಡಿಕೆ ಎಲೆ ಹಾಕಿಕೊಳ್ಳುವಾಗ, ಬಳ್ಳಾರಿಯಲ್ಲಿ ನೀನು ಮಾಡುವುದೇನು ಎಂದು ಯಾರೋ ಕೇಳಿದರು. ನನಗೂ ಒಂದಿಷ್ಟು ಹಮ್ಮು. ಬ್ಲಾಗು ಅಂತ ಇದೆ, ಅದರ ಪಕ್ಕದಲ್ಲಿ ಬರುವ ಜಾಹೀರಾತನ್ನು ಒತ್ತಿದರೆ ನನಗೆ ದುಡ್ಡು ಬರುತ್ತದೆ, ಇನ್ನು ಇಷ್ಟೇ ಬಾಕಿ ಎಂದು ಬೆರಳ ತುದಿ ತೋರಿಸಿ ಹೇಳಿದೆ. ಅಕ್ಕ ವಿಳಾಸ ಬರೆದುಕೊಂಡಳು. ಅವ್ವ ಎಲೆ ಅಗಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ನಾನು ಬಸ್ಸು ಹತ್ತಿ ಬಳ್ಳಾರಿಗೆ ಬಂದೆ.

ಎರಡು ದಿನ ಬಿಟ್ಟು ಜಮೆಯ ಪುಟ ತೆಗೆದರೆ ಕಣ್ಣನ್ನು ನಂಬಲಾಗಲಿಲ್ಲ. ತೊಂಬತ್ತು ದಾಟಿತ್ತು. ಮಧ್ಯಾಹ್ನಕ್ಕೆ ನೂರು. ಸಂಜೆಗೆ ಇನ್ನೂ ಮೇಲೆ. ನನ್ನ ಬರಹ ಎಲ್ಲೋ ಯಾರಿಗೋ ಹಿಡಿಸಿದೆ, ಇವರಿಂದ ಅವರಿಗೆ ಹಬ್ಬಿದೆ ಅಂದುಕೊಂಡೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ, ಹಾಗೆ ಅಂಗಡಿಯವರಿಗೆಲ್ಲ ಜಿಲೇಬಿ ತಂದು ಹಂಚಿದೆ. ನಿಜ ಹೇಳುತ್ತೇನೆ, ಅಷ್ಟು ಸಂತೋಷ ನನಗೆ ಆಮೇಲೆ ಯಾವ ದುಡ್ಡಿನಿಂದಲೂ ಆಗಿಲ್ಲ.

ಮೂರನೆಯ ದಿನ ಬೆಳಿಗ್ಗೆ ಕಂಪನಿಯ ಪತ್ರ ಬಂದಿತ್ತು. ನಮ್ಮ ಷರತ್ತಿಗೆ ವಿರುದ್ಧವಾಗಿ ನಿಮ್ಮ ಜಾಹೀರಾತುಗಳನ್ನು ಕೃತಕವಾಗಿ ಒತ್ತಿಸಲಾಗಿದೆ, ನಿಮ್ಮ ಖಾತೆಯನ್ನು ಮುಚ್ಚಲಾಗಿದೆ, ಜಮೆಯಾದ ಹಣವನ್ನು ಜಾಹೀರಾತು ಕೊಟ್ಟವರಿಗೆ ಹಿಂತಿರುಗಿಸಲಾಗುವುದು. ಇಷ್ಟೇ. ಕೆಳಗೆ ಮನುಷ್ಯರ ಹೆಸರೂ ಇರಲಿಲ್ಲ, ಜಗಳವಾಡೋಣ ಎಂದರೆ.

ಅಕ್ಕನಿಗೆ ಫೋನು ಹಚ್ಚಿದೆ. ನಾನು ಬಾಯಿ ತೆರೆಯುವ ಮುಂಚೆಯೇ ಅವಳು ಹಿಗ್ಗಿ ಹೇಳತೊಡಗಿದಳು. ಕುರುಗೋಡಿನ ಇಂಟರ್ನೆಟ್ ಸೆಂಟರಿನಲ್ಲಿ ಒಂದು ಕಂಪ್ಯೂಟರನ್ನು ಎರಡು ದಿನ ತಮಗಂತಲೇ ಹಿಡಿದಿದ್ದರಂತೆ. ಭಾವನ ಡ್ರೈವರುಗಳು ಸಾಲಾಗಿ ನಿಂತು ಒತ್ತಿದರಂತೆ. ಬಾದನಹಟ್ಟಿಯ ದೊಡ್ಡಮ್ಮ ಬಸ್ಸಿನಲ್ಲಿ ಬಂದು, ನಂದೂ ಒಂದು ಇರಲಿ ಎಂದು ಒತ್ತಿ ಹೋದಳಂತೆ. ಎಲ್ಲ ಅವ್ವನ ಏರ್ಪಾಡು. ಇಷ್ಟು ವರ್ಷ ಯಾರ್ಯಾರ ಮನೆಗೆ ಮುಯ್ಯಿ ಮಾಡಿದ್ದಳೋ ಅವರಿಗೆಲ್ಲ ಹೇಳಿ ಕಳಿಸಿದ್ದಳು: ನನ್ನ ಸಣ್ಣ ಮಗಳ ಮದುವೆಗೆ ಮಾಡಬೇಕಾದ ಮುಯ್ಯಿ ಈಗಲೇ ಮಾಡಿಬಿಡ್ರಿ, ಒತ್ತಿದರ ಸಾಕು. ತಾನೂ ಸಿರುಗುಪ್ಪದ ಸೆಂಟರಿಗೆ ಹೋಗಿದ್ದಳು. ಅಂಗಡಿಯವನು ಮೌಸಿನ ಮೇಲೆ ಅವಳ ಕೈಯಿಟ್ಟು ಕಲಿಸಿದನಂತೆ.

ರಜೆ ಕೇಳದೆಯೇ ಸಿರುಗುಪ್ಪದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಜಗಳಕ್ಕೆ ಮಾತು ಜೋಡಿಸಿದೆ. ಕಂಡಕ್ಟರು ಚಿಲ್ಲರೆ ಕೇಳಿದ್ದಕ್ಕೆ ಅವನ ಮೇಲೂ ಹರಿಹಾಯ್ದೆ. ಮನೆ ಮುಟ್ಟಿದಾಗ ಅಪ್ಪ ಪಡಸಾಲೆಯಲ್ಲಿ ಒಂದು ಗಾದಿ ಹಾಸಿಕೊಂಡು ಅಂಚು ಹೊಲಿಯುತ್ತಿದ್ದ. ಹಿಂಜುವುದಕ್ಕೆ ಮಷೀನು ಬಂದು ಎಷ್ಟೋ ವರ್ಷವಾಗಿತ್ತು. ಮೊದಲು ಹತ್ತಿ ಹಿಂಜುತ್ತಿದ್ದ, ಬಿಲ್ಲಿನಂಥ ಹಳೆಯ ಕಮಾನು ಗೋಡೆಗೆ ತೂಗುಬಿದ್ದಿತ್ತು. ಅವ್ವ ನನ್ನನ್ನು ನೋಡಿ, ಚೆಕ್ಕು ಬಂತೇನು ಎಂದು ಎದ್ದು ಬಂದಳು.

ನಾನು ಕೂಗಾಡಿದೆ. ಇವತ್ತು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿದಿರಿ, ಬಕ್ರೀದಿಗೆ ಭಾವನ ಲಾರಿ ಎಣಿಸಲು ಹೋಗುತ್ತೇನೆ, ನಿಮಗೆ ಹಬ್ಬ ಆಯಿತಲ್ಲ ಎಂದೆ. ಅವ್ವ ನಡುವೆ ಒಂದೇ ಮಾತು ಹೇಳಿದಳು, ಒತ್ತಬೇಕಂತ ನೀನೇ ಹೇಳಿದ್ದಿ ಎಂದು. ಅದು ನಿಜವಾದ್ದರಿಂದ ನನ್ನ ಸಿಟ್ಟು ಇನ್ನೂ ಏರಿತು.

"ಇಷ್ಟು ಮಂದಿ ಬಂದ್ರಿ, ಒಬ್ಬರಾದರೂ ಒಂದು ಸಾಲು ಓದಿದ್ರೇನು? ಮುಯ್ಯಿ ಮಾಡಿ ಉಣ್ಣದ ಹೋದಂಗಾತು."

ಅವ್ವನ ಮುಖ ಕಪ್ಪಿಟ್ಟಿತು. ನಮ್ಮ ಮಂದಿಗೆ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ, ಅದನ್ನು ನಾನು ಬೇಕೆಂತಲೇ ಆಡಿದ್ದೆ. ಆಡಿದ ಮೇಲೆ ಕಂಪನಿಯ ಷರತ್ತನ್ನು ಓದದೆ ಒತ್ತಿದವಳು ನಾನೇ ಎಂಬುದು ನೆನಪಾಯಿತು. ಅವ್ವ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡು ಬಂದಳು. ಊಟಕ್ಕೆ ಕೂರುವವಳ ಹಾಗೆ ನನ್ನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು.

"ಹಂಗಾರ ಬಡಸು," ಅಂದಳು. "ಏನ್ ಮಾಡಿಟ್ಟೀಯೋ ಬಡಸು. ಉಂಡೇ ಏಳ್ತೀನಿ."

ಬ್ಯಾಗಿನಲ್ಲಿ ಹಾಳೆಗಳಿದ್ದವು. ಕರೂರಿನ ಬಸ್ಸಿನದನ್ನು ಓದೋಣ, ನಗು ಬರುವಂಥದ್ದು, ಯಾರಿಗೂ ತೊಂದರೆ ಇಲ್ಲ ಎಂದು ಅದನ್ನೇ ಹುಡುಕುತ್ತಿದ್ದೆ. ಆಗ ಅಪ್ಪ ಸೂಜಿಯಿಂದ ಕಣ್ಣೆತ್ತದೆ ಕೇಳಿದ, ತನ್ನ ಬಗ್ಗೆ ಏನಾದರೂ ಬರೆದಿದ್ದೇನೇನು ಎಂದು.

ಬರೆದಿದ್ದೆ. ಇವರು ಯಾರೂ ಓದುವುದಿಲ್ಲ ಎಂಬ ಧೈರ್ಯದಿಂದಲೇ ಬರೆದಿದ್ದೆ. ಇಲ್ಲ ಅನ್ನಬಹುದಿತ್ತು. ಆದರೆ ಈಗಷ್ಟೇ ಓದಲಿಲ್ಲ ಎಂದು ರಂಪ ಮಾಡಿದವಳು ಯಾವ ಮುಖ ಇಟ್ಟುಕೊಂಡು ಇಲ್ಲ ಅನ್ನಲಿ? ಆ ಹಾಳೆ ತೆಗೆದು ಓದಿದೆ.

ಮೊದಲ ಭಾಗ ಸುಲಭವಿತ್ತು. ಚಿಕ್ಕವಳಿದ್ದಾಗ ಅಪ್ಪನ ಕಮಾನಿನ ತಂತಿಯ ಟುಂಯ್ ಟುಂಯ್ ಸದ್ದಿಗೆ ಎಚ್ಚರವಾಗುತ್ತಿದ್ದುದು, ಹತ್ತಿ ಹಾರಿ ಅವನ ಹುಬ್ಬು ಮೀಸೆಯೆಲ್ಲ ಬೆಳ್ಳಗಾಗುತ್ತಿದ್ದುದು. ಆಮೇಲೆ ಹಾಸ್ಟೆಲಿನ ದಿನ ಬಂತು. ನಾನು ಬಳ್ಳಾರಿಗೆ ಕಾಲೇಜಿಗೆ ಸೇರಿದ ಹೊಸತರಲ್ಲಿ ಅಪ್ಪ ತಾನೇ ಹೊಲಿದ ಗಾದಿಯನ್ನು ತಲೆಯ ಮೇಲೆ ಹೊತ್ತು ಬಸ್ ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದು ಬಂದಿದ್ದ. ಕೊಟ್ಟು, ನೀರು ಕುಡಿದು ಹೋದ. ಅವರು ಯಾರು ಎಂದು ಗೆಳತಿಯರು ಕೇಳಿದರು. ನಮ್ಮಪ್ಪನದು ಹತ್ತಿ ವ್ಯಾಪಾರ, ಅವನು ನಮ್ಮ ಅಂಗಡಿಯ ಆಳು ಎಂದು ಹೇಳಿದ್ದೆ.

ಆ ಸಾಲನ್ನು ಹಾರಿಸಿಬಿಡೋಣ ಅನಿಸಿತು. ಆದರೂ ಓದಿದೆ. ಅಪ್ಪನ ಸೂಜಿ ಗಾದಿಯ ಅಂಚಿನಲ್ಲಿ ಅರ್ಧ ಹೋಗಿ ನಿಂತಿತು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ತಲೆಯೆತ್ತದೆ ಕೊನೆಯವರೆಗೂ ಓದಿ ಮುಗಿಸಿದೆ: ಆ ಗಾದಿಯ ಮೇಲೆ ಮೂರು ವರ್ಷ ಮಲಗಿದೆ, ಒಂದು ದಿನವೂ ನೆಟ್ಟಗೆ ಮಲಗಲಾಗಲಿಲ್ಲ ಎಂದು ಬರೆದಿದ್ದೆ.

ಅಪ್ಪ ಸೂಜಿಯನ್ನು ಆ ಕಡೆಯಿಂದ ಎಳೆದುಕೊಂಡ. ದಾರ ಬಿಗಿ ಮಾಡಿದ. ಗೋಡೆಯ ಮೇಲಿನ ಕಮಾನಿನ ಕಡೆ ಗದ್ದ ತೋರಿಸಿದ.

"ಮ್ಯಾಲೆ ಒಂದು ಕಡೆ ಕಮಾನಿನ ತಂತಿ ಅಂತ ಓದಿದಿ. ತಂತಿ ಅಲ್ಲವ್ವ ಅದು, ಕುರಿ ನರ. ತಂತಿ ಕಟ್ಟಿದರ ಹತ್ತಿ ಹರದು ಹೋಗ್ತೈತಿ." ಹಲ್ಲಿನಿಂದ ದಾರ ಕಡಿದ. "ತಿದ್ದು ಅದನ್ನ. ಕೆಲಸ ಅಂದ ಮ್ಯಾಲೆ ಸರಿಯಾಗಿ ಮಾಡಬೇಕು."

ನನಗೆ ತಡೆಯಲಾಗದೆ ಅಳು ಬಂತು. ಅಳುತ್ತಲೇ ಬ್ಯಾಗಿನಿಂದ ಪೆನ್ನು ತೆಗೆದು, ತಂತಿ ಎಂಬುದನ್ನು ಹೊಡೆದು ಹಾಕಿ, ಮೇಲೆ ಕುರಿ ನರ ಎಂದು ಬರೆದೆ. ಅಪ್ಪ ಮತ್ತೆ ಹೊಲಿಯತೊಡಗಿದ. ಅವ್ವ ಇನ್ನೂ ಕೂತೇ ಇದ್ದಳು, ಇನ್ನೊಂದು ಬಡಸು ಎಂದಳು. ಕರೂರಿನ ಬಸ್ಸಿನ ಹಾಳೆ ತೆಗೆದೆ. ಬಕ್ರೀದಿಗೆ ಆಗ ಎರಡು ತಿಂಗಳು ಉಳಿದಿತ್ತು. ಭಾವನ ಆಫೀಸಿನ ಮಾತನ್ನು ನಮ್ಮ ಮನೆಯಲ್ಲಿ ಆಮೇಲೆ ಯಾರೂ ಎತ್ತಲಿಲ್ಲ.