ಮೂರನೆಯ ಗ್ಲಾಸಿನ ವಾಸನೆ

ಮೊದಲು ಬಂದದ್ದು ಬಿಸಿಲಿಗೆ ಕಾದ ಬಂಡೆಯ ವಾಸನೆ. ಆಮೇಲೆ ಆ ಬಂಡೆಯ ಮೇಲೆ ಬಿದ್ದು ಒಡೆದ ಅಂಜೂರ. ಅದರ ಹಿಂದೆ... ಒಣಗಿದ ತುಳಸಿಯೇ? ಗ್ಲಾಸು ಕೆಳಗಿಟ್ಟೆ. ತಡೆಯಲಾಗದೆ ಮತ್ತೆ ಎತ್ತಿಕೊಂಡೆ.

ಹೋದ ತಿಂಗಳು, ಹನುಮಸಾಗರದಲ್ಲಿ, ಗೆಳತಿಯ ದ್ರಾಕ್ಷಿ ಚಪ್ಪರದ ಕೆಳಗೆ ಮಧ್ಯಾಹ್ನ ನಾವಿಬ್ಬರೇ ಕೂತಿದ್ದೆವು. ಬೆಳೆಗಾರರ ತಂಡದ ಜೊತೆ ಅವಳು ಫ್ರಾನ್ಸಿಗೆ ಹೋಗಿ ಬಂದಿದ್ದಳು. ಮೆಡಿಟರೇನಿಯನ್ ಸಮುದ್ರದ ದಂಡೆಯ ರೂಸಿಯೋಂ ಎಂಬ ಸೀಮೆಯಿಂದ ಎರಡು ದೊಡ್ಡ ಬಾಟಲಿ, ಒಂದು ಗಿಡ್ಡ ಬಾಟಲಿ ತಂದಿದ್ದಳು. ಮೂರರಲ್ಲೂ ಗ್ರೆನಾಶ್ ಎಂಬ ದ್ರಾಕ್ಷಿಯ ವೈನು. ಆ ಬಳ್ಳಿಗೆ ಚಪ್ಪರವೇ ಬೇಡವಂತೆ. ಕಲ್ಲು ನೆಲದಲ್ಲಿ ಗಿಡ್ಡ ಪೊದೆಯಾಗಿ ನಿಂತು ಹಣ್ಣು ಬಿಡುತ್ತದಂತೆ. ಮೊದಲನೆಯದರಲ್ಲಿ ನೇರಳೆ ಹಣ್ಣು, ಎರಡನೆಯದರಲ್ಲಿ ಆಗಷ್ಟೇ ಕುಟ್ಟಿದ ಮೆಣಸು. ಮೂರನೆಯದು ಸಿಹಿ. ದೊಡ್ಡ ಗಾಜಿನ ಜಾಡಿಗಳಲ್ಲಿ ತುಂಬಿ ಬಯಲಲ್ಲಿ ಬಿಸಿಲಿಗಿಟ್ಟು ಮಾಗಿಸಿದ್ದು.

"ನಮ್ಮತ್ತಿ ಉಪ್ಪಿನಕಾಯಿ ಇಟ್ಟಂಗ," ಎಂದು ನಕ್ಕು ಗೆಳತಿ ನಡುವೆ ಒಂದು ಬಕೆಟ್ ಇಟ್ಟಳು. "ನುಂಗಬಾರದಂತವಾ. ಬಾಯಾಗ ಆಡಿಸಿ ಉಗುಳಬೇಕು. ಅಲ್ಲಿ ದೊಡ್ಡ ದೊಡ್ಡೋರೆಲ್ಲಾ ಉಗುಳತಾರ."

ಬಾಯಲ್ಲಿಟ್ಟು, ನೋಡಿ, ಉಗುಳುವುದು! ಆ ಕೆಲಸವನ್ನು ನಾನು ಸಿದ್ದಾಪುರದ ಅಕ್ಕಿ ಗಿರಣಿಯಲ್ಲಿ ಕಲಿತಿದ್ದೆ.

ಅಲ್ಲಿ ನೆಲ್ಲು, ಅಂದರೆ ಭತ್ತ, ನೋಡಿ ಅದರ ಗುಣ ಹೇಳುವವರೊಬ್ಬರಿದ್ದರು. ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಲಾರಿ ಬಂತೆಂದರೆ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಹಿಡಿ ನೆಲ್ಲು ತೆಗೆಯುತ್ತಿದ್ದರು. ಅಂಗೈಯಲ್ಲಿ ಉಜ್ಜಿ, ಮೂಸಿ, ನಾಲ್ಕು ಕಾಳು ಕಡಿದು ಉಗುಳಿ ಒಂದೇ ಮಾತು ಹೇಳುತ್ತಿದ್ದರು. ನಾನು ಆಗ ಹೊಸದಾಗಿ ಸೇರಿದವಳು, ತೇವಾಂಶ ಅಳೆಯುವ ಯಂತ್ರದ ಮುಂದೆ ಕೂರುವವಳು.

"ನಿನ್ನ ಡಬ್ಬಿಗೆ ಹಲ್ಲ ಅದಾವೇನವಾ?"

"ಇಲ್ರಿ ಕಾಕಾ. ಸುಳ್ಳ ಹೇಳಾಕ ಬಾಯೂ ಇಲ್ಲ."

ಹೀಗೆ ನಾನು ಉತ್ತರ ಕೊಟ್ಟೆನೆಂದು ನೆನಪು. ಅಷ್ಟು ಚುರುಕಾಗಿದ್ದೆನೇ? ನಂಬಿಕೆಯಿಲ್ಲ. ಎಷ್ಟೋ ಸಲ ಹೇಳಿ ಹೇಳಿ ಆ ಮಾತಿಗೆ ಪಾಲಿಶ್ ಬಂದಿರಬೇಕು.

ಕೊರೊನಾ ಜ್ವರ ಬಿಟ್ಟು ಅವರು ಕೆಲಸಕ್ಕೆ ಮರಳಿದ ವಾರ ನನ್ನ ಮೇಜಿನ ಮೇಲೆ ಹಿಡಿ ನೆಲ್ಲು ಸುರಿದರು. "ಏನ್ ವಾಸನಿ ಐತಿ, ಹೇಳು."

"ಛಲೋ ಐತ್ರಿ."

"ಛಲೋ ಅನ್ನೂದು ಒಂದು ವಾಸನಿ ಏನು? ಯಾವುದರಂಗ ಐತಿ, ಅದನ್ನ ಹೇಳು."

ಪರೀಕ್ಷೆ ಮಾಡುತ್ತಿದ್ದಾರೆಂದುಕೊಂಡೆ. ಆದರೆ ಅವರ ಕಣ್ಣು ನನ್ನ ಬಾಯಿಯ ಮೇಲೇ ನೆಟ್ಟಿತ್ತು. ಜ್ವರ ಅವರ ಮೂಗನ್ನು ಒಯ್ದಿತ್ತು. ಗಿರಣಿಯ ಸಾಹುಕಾರರಿಗೆ ತಿಳಿದರೆ, ನೆಲ್ಲು ನೋಡಲು ಕೂರುತ್ತಿದ್ದ ಸ್ಟೂಲಿನಿಂದ ಅವರು ಏಳಬೇಕಾಗುತ್ತಿತ್ತು. "ಮೂಗು ತಿರುಗಿ ಬರೂತನಕ ಯಾರಿಗೂ ಹೇಳಬ್ಯಾಡವಾ," ಎಂದರು.

ಅಂದಿನಿಂದ ನಾನು ಮೂಸುವುದು, ಅವರು ಕೇಳುವುದು. ಮಣ್ಣಿನ ವಾಸನೆ ಎಂದರೆ "ಹಸೀ ಮಣ್ಣೋ, ಧೂಳೋ?" ಹುಲ್ಲು ಎಂದರೆ "ಕೊಯ್ದದ್ದೋ, ದನಾ ಮೇದು ಬಿಟ್ಟದ್ದೋ?" ನನಗೆ ಹುಚ್ಚೇ ಹಿಡಿಯಿತು. ಊಟದ ಡಬ್ಬಿ ಮೂಸಿದೆ, ಬಸ್ಸಿನ ಸೀಟು ಮೂಸಿದೆ. ಇಷ್ಟು ದಿನ ಅರ್ಧ ಲೋಕ ಬಿಟ್ಟು ಬದುಕಿದ್ದೆನಲ್ಲ ಎನಿಸಿತು.

ಆಮೇಲೆ ಆ ಲಾರಿ ಬಂತು. ಮೇಲಿನ ಚೀಲಗಳೆಲ್ಲ ಯಂತ್ರದ ಲೆಕ್ಕಕ್ಕೆ ಒಣಗಿದ್ದವು. ಇಳಿಸಿಕೊಳ್ಳಲು ಸಾಹುಕಾರರು ಅವಸರ ಮಾಡುತ್ತಿದ್ದರು. ಕಾಕಾ ಕೊಳವೆ ಚುಚ್ಚಿ ತೆಗೆದ ನೆಲ್ಲನ್ನು ನಾನು ಯಂತ್ರಕ್ಕೆ ಹಾಕುವ ನೆಪದಲ್ಲಿ ಮೂಸಿದೆ.

"ಹಳೇ ಟ್ರಂಕ್ ತೆರದಂಗ ಐತ್ರಿ," ಎಂದು ಪಿಸುಗುಟ್ಟಿದೆ.

"ಟ್ರಂಕಿನ್ಯಾಗ ಕಾಗದ ಅದಾವೋ, ಅರಿವಿ ಅದಾವೋ?"

"ಅರಿವಿ... ಹಸೀ ಅರಿವಿ."

ಕಾಕಾ ಎದ್ದು ನಿಂತರು. "ತಳದ ಚೀಲ ತೋರಸ್ರಿ!"

ಹಮಾಲರು ಗೊಣಗುತ್ತಲೇ ಇಳಿಸಿದರು. ತಳದ ಚೀಲ ಬಿಚ್ಚಿದರೆ ನೆಲ್ಲು ಮೊಳಕೆಯೊಡೆದಿತ್ತು. ಸಾಹುಕಾರರು ಕುಣಿಯುವುದೊಂದು ಬಾಕಿ. "ಏನ್ ಮೂಗ್ರೀ ನಿಮ್ದು!"

ಇಲ್ಲಿಂದ ನನ್ನ ನೆನಪಿನಲ್ಲಿ ಎರಡು ದಾರಿ. ಒಂದರಲ್ಲಿ ನಾನು ತಲೆ ತಗ್ಗಿಸಿ ನಿಂತಿದ್ದೇನೆ. ಇನ್ನೊಂದರಲ್ಲಿ ಆ ಹೊಗಳಿಕೆ ನನಗೇ ಸಿಗಲಿ ಎಂದು ಕಾಕಾರ ಮುಖವನ್ನೇ ನೋಡುತ್ತಿದ್ದೇನೆ. ಎರಡನೆಯದೇ ನಿಜವಿರಬೇಕು, ಅದನ್ನು ನಾನು ಯಾರಿಗೂ ಹೇಳಿಲ್ಲ. ಕಾಕಾ ಹೇಳಿದ್ದರಲ್ಲಿ ಮಾತ್ರ ಅನುಮಾನವಿಲ್ಲ: "ಮೂಗು ನಂದಲ್ರಿ ಸಾವ್ಕಾರ್ರ, ಈ ತಂಗೀದು. ನಂದು ಸತ್ತು ಮೂರು ತಿಂಗಳಾತು."

ಮರುವಾರ ಆ ಸ್ಟೂಲಿನ ಮೇಲೆ ನಾನು ಕೂತಿದ್ದೆ. ಇವತ್ತಿಗೂ ಕೂರುತ್ತೇನೆ.

ಗಿರಣಿ ಬಿಟ್ಟು ಹೋಗುವ ದಿನ ಕಾಕಾ ಒಂದೇ ಒಂದು ಮಾತು ಕೇಳಿದರು. "ಹೊಸಾ ವಾಸನಿ ಸಿಕ್ರ ಮನಿಗೆ ಬಂದು ಹೇಳವಾ. ಹಳೇವು ನನಗ ನೆನಪದಾವ." ಎರಡು ಸಲ ಹೋದೆ. ಆಮೇಲೆ ಸುಗ್ಗಿ ಬಂತು, ಮತ್ತೊಂದು ಸುಗ್ಗಿ ಬಂತು... ಕಾಕಾ ತೀರಿಹೋದ ಸುದ್ದಿ ಬಂದಾಗ ನನ್ನ ಕೈಯಲ್ಲಿ ಕೊಳವೆ ಇತ್ತು.

ಮತ್ತು ಆ ಚಪ್ಪರದ ಕೆಳಗೆ ಒಂದೇ ಮಧ್ಯಾಹ್ನ ಮೂರು ಹೊಸ ವಾಸನೆ! ಎದ್ದು ಸೀದಾ ಸಿದ್ದಾಪುರದ ಬಸ್ಸು ಹತ್ತಿ ಕಾಕಾರ ಮನೆಗೆ ಹೋಗಿಬಿಡಬೇಕು ಎನಿಸಿತು.

"ಬರೇ ಮೂಸಾಕತ್ತೀ. ಹೆಂಗೈತಿ ಹೇಳು," ಎಂದಳು ಗೆಳತಿ.

"ಕಾದ ಬಂಡಿಗಲ್ಲಿನ ವಾಸನಿ."

"ಹೌದೌದು," ಎಂದು ಅವಳು ತನ್ನ ಗ್ಲಾಸಿಗೆ ಮತ್ತಷ್ಟು ಸುರಿದುಕೊಂಡಳು.

ನಾನು ಕಾದೆ. ಮಾತು ಅಲ್ಲಿಗೇ ನಿಲ್ಲುವಂಥದ್ದಲ್ಲ. ಕಾದ ಬಂಡೆ ಎಂದರೆ ನಡುಮಧ್ಯಾಹ್ನದ್ದೋ, ಹೊತ್ತು ಮುಳುಗಿದ ಮೇಲಿನದೋ?

"ಹೊತ್ತು ಮುಳುಗಿದ ಮ್ಯಾಲಿಂದು," ಎಂದೆ.

ಗೆಳತಿ ತಲೆಯೆತ್ತಿದಳು. "ಯಾರು ಕೇಳಿದ್ರು?"

ಯಾರೂ ಕೇಳಿರಲಿಲ್ಲ.