ಅಪ್ಪನ ಹಿಂದಿನ ಅರ್ಧ

ಏಳು ವರ್ಷ ತುಂಬುವವರೆಗೂ ನಮ್ಮಪ್ಪ ಒಬ್ಬ ಜೀತದಾಳು ಎಂದೇ ನಾನು ನಂಬಿದ್ದೆ. ನಂಬದೆ ಏನು ಮಾಡಲಿ? ದಿನಾ ಬೆಳಿಗ್ಗೆ ಅಪ್ಪ ರೈಲ್ವೆಯ ನೀಲಿ ಟೋಪಿ ತಲೆಗಿಟ್ಟು ಕೆಲಸಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ನಮ್ಮ ಅಂಗಳದ ಬಾಗಿಲಲ್ಲಿ ಒಬ್ಬ ಕುಳ್ಳ ಮನುಷ್ಯ ನಿಂತು ಇಡೀ ಬೀದಿಗೆ ಕೇಳುವಂತೆ ಕೂಗುತ್ತಿದ್ದ:

“ಎಲ್ಲವ್ನೆ ನನ್ನ ಜೀತದಾಳು? ನನ್ನ ಮೇಕೆಗೆ ಸೊಪ್ಪು ಹಾಕ್ದೆ ಎಲ್ಲಿಗೆ ಹೊಂಟವ್ನೆ?”

“ಬಂದೆ ಕಣೋ, ಹೆಂಡದ ಗಡಿಗೆ!” ಎಂದು ಅಪ್ಪ ಒಳಗಿನಿಂದ ಬೈಯುತ್ತಿದ್ದದ್ದೇನೋ ನಿಜ. ಆದರೆ ಬೈದಾದ ಮೇಲೆ ಹೊರಗೆ ಬಂದು ಅವನ ಕೈಗೆ ಅಡಿಕೆಯಂತೆ ಜಗಿಯುವ ಒಂದು ಕೋಲಾ ಬೀಜ ಇಡುತ್ತಿದ್ದ. ಒಡೆಯನಲ್ಲದವನಿಗೆ ಬೆಳಗಾಗೆದ್ದು ಯಾರಾದರೂ ಕೋಲಾ ಬೀಜ ಕೊಡುತ್ತಾರೆಯೇ? ನನ್ನ ತರ್ಕ ಅಷ್ಟು ಗಟ್ಟಿಯಾಗಿತ್ತು. ಈಗಲೂ ನನ್ನ ತರ್ಕಗಳೆಲ್ಲ ಅದೇ ಜಾತಿಯವು.

ಒಂದು ದಿನ ಮನಸ್ಸು ಗಟ್ಟಿ ಮಾಡಿಕೊಂಡು, ಅಜ್ಜಿ ನನಗೆಂದೇ ಕೊಟ್ಟಿದ್ದ ಚುಕ್ಕೆ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು, ಹೊಳೆ ದಾಟಿ, ಆ ಕುಳ್ಳನ ಕುಲದವರಾದ ಬೋಬೊಗಳ ಹಳೇ ಕೇರಿಗೆ ಹೋದೆ. ಆ ಮನುಷ್ಯ ಮಾವಿನ ಮರದ ಕೆಳಗೆ ಕೂತು, ಕೋಲಿನಿಂದ ಬಡಿದು ನುಡಿಸುವ ಮರದ ಪಟ್ಟಿಗಳ ವಾದ್ಯವಾದ ತನ್ನ ಬಾಲಫೋನಿನ ಸೋರೆಬುರುಡೆಗಳಿಗೆ ಹಗ್ಗ ಬಿಗಿಯುತ್ತಿದ್ದ.

“ಇದನ್ನ ತಗೋ. ನಮ್ಮಪ್ಪನ್ನ ಬಿಟ್ಬಿಡು,” ಎಂದೆ.

ಅವನು ನಗಲಿಲ್ಲ. ಅವನ ದೊಡ್ಡತನ ಅಂದರೆ ಅದೇ. ಕೋಳಿಯನ್ನು ಕೈಗೆತ್ತಿಕೊಂಡು ತೂಗಿದ, ಎದೆಯ ಪುಕ್ಕ ಊದಿ ಮಾಂಸ ನೋಡಿದ, ಆಕಾಶ ನೋಡಿ ಲೆಕ್ಕ ಹಾಕಿದ.

“ನಿಮ್ಮಪ್ಪ ಉದ್ದ ಮನುಷ್ಯ ಕಣ್ಲಾ. ಒಂದು ಕೋಳಿಗೆ ಅರ್ಧ ಮಾತ್ರ ಬತ್ತದೆ. ಮುಂದಿನ ಅರ್ಧ ಬಿಟ್ಟಿವ್ನಿ. ಹಿಂದಿನ ಅರ್ಧಕ್ಕೆ ಇನ್ನೊಂದು ಕೋಳಿ ತತ್ತಾ.”

ನನ್ನ ಹತ್ತಿರ ಇನ್ನೊಂದು ಕೋಳಿ ಇರಲಿಲ್ಲ. ಅಂದು ಸಂಜೆ ಅಪ್ಪ ಮತ್ತು ಅವನು ಒಂದೇ ತಟ್ಟೆಯಲ್ಲಿ ಕೈಯಿಟ್ಟು ಆ ಚುಕ್ಕೆ ಕೋಳಿಯನ್ನು ತಿಂದರು. ಮೂಳೆ ಚೀಪುತ್ತಾ ಅಪ್ಪ ಹೇಳಿದ: “ಮಗನೇ, ಮೊದಲು ಹಿಂದಿನ ಅರ್ಧ ಬಿಡಿಸ್ಬಾರ್ದಿತ್ತಾ? ನಮ್ಮ ಸಾಹೇಬರು ಒದೆಯೋದು ಅದಕ್ಕೇ.” ಆಮೇಲೆ ಎಷ್ಟೋ ತಿಂಗಳು ನಾನು ಅಪ್ಪನ ಮುಖ ನೋಡಿ ನೆಮ್ಮದಿಯಿಂದಲೂ, ಅವನು ತಿರುಗಿದಾಗ ಬೆನ್ನು ನೋಡಿ ಸಂಕಟದಿಂದಲೂ ಬದುಕಿದೆ.

ಆ ಮನುಷ್ಯ ಸೊಗೊಸಿರಾ ಸಾನು. ನನಗೆ ಸೊಗೊ ಮಾವ. ನಮ್ಮ ಬೋಬೊ-ಜುಲಾಸೊ ಊರಿನಲ್ಲಿ ಬೇಸಾಯದ ಬೋಬೊಗಳಿಗೂ ದನಗಾಹಿ ಫುಲಾನಿಗಳಾದ ನಮಗೂ ಇರುವುದು ಬೈಗುಳದ ನಂಟು. ಎದುರಿಗೆ ಸಿಕ್ಕರೆ ಬೈಯಬೇಕು; ಬೈಸಿಕೊಂಡವನು ಸಿಟ್ಟಾಗುವಂತಿಲ್ಲ. ಅವರಿಗೆ ನಾವು ಹಸುವಿನ ಬಾಲ ಹಿಡಿದ ಹಾಲುಗುಡುಕರು, ನಮಗೆ ಅವರು ಜೋಳದ ಹೆಂಡದ ಪೀಪಾಯಿಗಳು. ಯಾರು ಯಾರಿಗೆ ಆಳು ಎಂಬುದಕ್ಕೆ ಪ್ರತಿಯೊಬ್ಬ ಮುದುಕನ ಬಳಿಯೂ ಒಂದು ಹಳೆಯ ಚರಿತ್ರೆ ಇದೆ. ಎಲ್ಲ ಚರಿತ್ರೆಯಲ್ಲೂ ಹೇಳುವವನ ಕುಲವೇ ಒಡೆಯ. ಈ ನಂಟಿನ ಕಟ್ಟಕಡೆಯ ಕರ್ತವ್ಯ ಸಾವಿನ ಮನೆಯಲ್ಲಿ. ಬೈಗುಳದ ನಂಟಿನವನು ಸತ್ತವನ ಬಟ್ಟೆ ಹಾಕಿಕೊಂಡು, ಅವನ ಹಾಗೆ ನಡೆದು, ಕೆಮ್ಮಿ, ಹೆಣದ ದಾರಿಗೆ ಅಡ್ಡ ಬಿದ್ದು, ಅಳುವವರನ್ನು ನಗಿಸಬೇಕು. ತಾನು ಮಾತ್ರ ಅಳುವಂತಿಲ್ಲ. ಅತ್ತರೆ ನಂಟಿಗೇ ಅವಮಾನ.

ಸೊಗೊ ಮಾವನಿಗೆ ಇಪ್ಪತ್ತು ವರ್ಷವಿದ್ದಾಗ ದೊಡ್ಡ ಕಲಾವಿದನಾಗುವ ಹುಚ್ಚು ಹಿಡಿದು, ಬಾಲಫೋನನ್ನು ತಲೆಯ ಮೇಲೆ ಹೊತ್ತು ಕಡಲ ತೀರದ ದೊಡ್ಡ ನಗರ ಆಬಿಜಾನಿಗೆ ರೈಲು ಹತ್ತಿದನಂತೆ. ಅಲ್ಲೊಂದು ಡ್ಯಾನ್ಸ್ ಬ್ಯಾಂಡ್ ಅವನನ್ನು ಸೇರಿಸಿಕೊಂಡಿತು. ಮೂರನೇ ತಿಂಗಳಿಗೆ ಗಿಟಾರಿನವನು ತಕರಾರು ತೆಗೆದ: “ನಿನ್ನ ಪಟ್ಟಿಗಳ ಸ್ವರ ನನ್ನ ಗಿಟಾರಿಗೆ ಕೂಡಲ್ಲ. ಕೆತ್ತಿ ಸರಿಮಾಡ್ಕೊ.”

“ಇದು ನಮ್ಮಜ್ಜನ ಅಜ್ಜ ಕೂಡಿಸಿದ ಸ್ವರ. ನಿನ್ನ ಗಿಟಾರು ನಿನ್ನೆ ಅಂಗಡೀಲಿ ತಂದಿದ್ದು. ಅದನ್ನೇ ಕೆತ್ತು,” ಎಂದು ಹೇಳಿ ಸೊಗೊ ಮಾವ ಮರುದಿನದ ರೈಲಿಗೆ ವಾಪಸು ಹೊರಟ. ಅವನ ಕಲಾಯಾತ್ರೆ ಮುಗಿದದ್ದು ಹೀಗೆ. ಅದರ ಬಗ್ಗೆ ಅವನಿಗೆ ಇಷ್ಟೂ ಬೇಸರವಿಲ್ಲ. ಬೇಸರವಿರುವುದು ಆ ರೈಲಿನ ಟಿಕೆಟ್ ಪರೀಕ್ಷಕನ ಮೇಲೆ.

ಆ ಪರೀಕ್ಷಕ ನಮ್ಮಪ್ಪ, ಯೆರೊ ಸಿದಿಬೆ. ಕೆಲಸಕ್ಕೆ ಸೇರಿ ಆಗಿನ್ನೂ ಎರಡು ವಾರ. ಬಾಲಫೋನ್ ಕಡೆ ಬೆರಳು ತೋರಿಸಿ, “ಇದೂ ಸೀಟು ಹಿಡಿದಿದೆ. ಇದಕ್ಕೂ ಟಿಕೆಟ್ ಬೇಕು,” ಎಂದನಂತೆ.

“ಸ್ವಾಮಿಗಳ ಹೆಸರು?”

“ಸಿದಿಬೆ.”

“ಸಿದಿಬೇನಾ! ಫುಲಾನಿ! ಕೇಳ್ರಪ್ಪೋ ಕೇಳ್ರಿ! ನನ್ನ ಜೀತದಾಳು ನನ್ನನ್ನೇ ಟಿಕೆಟ್ ಕೇಳ್ತಾವ್ನೆ!”

ಬೋಗಿಗೆ ಬೋಗಿಯೇ ನಕ್ಕಿತು. ಅಪ್ಪ ಅವನ ಮನೆತನ ಕೇಳಿದ, ಸಾನು, ಅಂದರೆ ಬೋಬೊ, ಎಂದು ತಿಳಿಯಿತು. ಟೋಪಿ ತೆಗೆದು, “ಹಾಗಾದ್ರೆ ಒಡೆಯರು ಎದ್ದು ನಿಲ್ಲಿ. ಆಳು ಬೆಳಿಗ್ಗೆಯಿಂದ ನಿಂತೇ ಇದ್ದಾನೆ,” ಎಂದು ಅವನ ಜಾಗದಲ್ಲಿ ಕೂತುಬಿಟ್ಟ. ಊರು ಬರುವವರೆಗೂ ಏಳಲಿಲ್ಲ. ಬಾಲಫೋನಿನ ಟಿಕೆಟ್ಟನ್ನು ಸೊಗೊ ಮಾವ ಕೊನೆಗೂ ಕೊಳ್ಳಲಿಲ್ಲ. ಮುಂದೆ ಅಪ್ಪನೇ ಅವನಿಗೆ ಗೂಡ್ಸ್ ಯಾರ್ಡಿನಲ್ಲಿ ಮೂಟೆ ಹೊರುವ ಕೆಲಸ ಕೊಡಿಸಿದ. “ಆಳಿನ ಕೈಯಿಂದ ಕೆಲಸ ಇಸ್ಕೊಂಡ ಮೊದಲ ಒಡೆಯ,” ಎಂದು ಸಾಯುವವರೆಗೂ ಅಣಕಿಸಿದ.

ಹಗಲು ಮೂಟೆ, ಸಂಜೆ ತಂಗಿಯ ಹೆಂಡದಂಗಡಿಯಲ್ಲಿ ಬಾಲಫೋನ್. ಬೋಬೊಗಳ ಬಾಲಫೋನಿಗೆ ಮಾತು ಬರುತ್ತದೆ; ಅವರ ಮಾತಿನ ಏರಿಳಿತವನ್ನೇ ಅದು ನುಡಿಸುತ್ತದೆ. ಬೀದಿಯಲ್ಲಿ ಅಪ್ಪ ಹಾದುಹೋದರೆ ಸಾಕು, ಹಾಡನ್ನು ನಡುವೆಯೇ ನಿಲ್ಲಿಸಿ ಮರದ ಪಟ್ಟಿಗಳು “ಬಂತು ಹಾಲಿನ ಚೆಂಬು, ಬಂತು ಹಾಲಿನ ಚೆಂಬು” ಎಂದು ನುಡಿಯುತ್ತಿದ್ದವು. ಅಪ್ಪನಿಗೆ ಆ ಭಾಷೆ ಪೂರ್ತಿ ತಿಳಿಯಲು ಹದಿನೈದು ವರ್ಷ ಬೇಕಾಯಿತು. ತಿಳಿದ ದಿನವೇ ಒಳಗೆ ನುಗ್ಗಿ ಕೋಲು ಕಿತ್ತುಕೊಂಡು, ತಾನೇ ಪಟ್ಟಿಗಳ ಮೇಲೆ ಬಡಿದು ಉತ್ತರ ಕೊಟ್ಟ. ಅಂಗಡಿಯವರೆಲ್ಲ ಹೊಟ್ಟೆ ಹಿಡಿದುಕೊಂಡರು. ಅಪ್ಪ ನುಡಿಸಿದ್ದಕ್ಕೆ ಬೋಬೊ ಭಾಷೆಯಲ್ಲಿ ಯಾವ ಅರ್ಥವೂ ಇರಲಿಲ್ಲವಂತೆ.

ಈಗ ನನ್ನ ವಿಷಯ. ನಾನು, ದೆಂಬಾ, ಒಂದು ಬಸ್ ಕಂಪನಿಯ ಟಿಕೆಟ್ ಕಿಂಡಿಯಲ್ಲಿ ಸಂಬಳಕ್ಕಿದ್ದೇನೆ. “ಇನ್ನೇನು ಹೊರಟೇಬಿಟ್ಟಿತು” ಎಂದು ಮೈಕಿನಲ್ಲಿ ಹೇಳುವುದು ನನ್ನ ಕೆಲಸ. ಬಸ್ಸು ಹೊರಡುವುದು ಡ್ರೈವರ್ ಊಟ ಮಾಡಿ, ಹಲ್ಲು ಕಡ್ಡಿಯಾಡಿಸಿ ಮುಗಿಸಿದ ಮೇಲೆ. ಹೀಗೆ ದಿನಕ್ಕೆ ಎಂಟು ಗಂಟೆ ಸುಳ್ಳು ಹೇಳಿಯೂ ತಿಂಗಳ ಇಪ್ಪತ್ತನೇ ತಾರೀಕಿಗೆ ನಾನು ಬಾಲಫೋನಿನ ಬುರುಡೆಯಂತೆ ಆಗಿಬಿಡುತ್ತೇನೆ: ಒಳಗೆ ಖಾಲಿ, ತಟ್ಟಿದರೆ ಗುಂಯ್.

ಹೋದ ವರ್ಷ ಅಪ್ಪ ಹಾಸಿಗೆ ಹಿಡಿದ. ರಾಜಧಾನಿ ವಾಗಡೂಗುವಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಪಾತೆ ಚಿಕ್ಕಪ್ಪ ಬಂದು ಮನೆಯ ಆಡಳಿತ ವಹಿಸಿಕೊಂಡ. ಕೆಟ್ಟವನಲ್ಲ. ಔಷಧಿ ಅವನೇ ತಂದ, ರಾತ್ರಿಯೆಲ್ಲ ಅವನೇ ಕಾದ. ಆದರೆ ಮರ್ಯಾದೆ ಎಂಬುದು ಇಸ್ತ್ರಿ ಮಾಡಿದ ಬಟ್ಟೆ, ಒಮ್ಮೆ ಮುದುರಿದರೆ ಮುಗಿಯಿತು ಎಂದು ನಂಬಿದವನು. ಅಪ್ಪ ಒಂದು ಮಧ್ಯಾಹ್ನ ನಮ್ಮಿಬ್ಬರನ್ನೂ ಕರೆದು, “ಆ ಹೆಂಡಗುಡುಕ ಬಂದು ಅಡ್ಡ ಬೀಳದೆ ನನ್ನನ್ನ ಎತ್ತಬೇಡಿ. ತಿಳೀತಾ?” ಎಂದ. ಚಿಕ್ಕಪ್ಪ ತಲೆಯಾಡಿಸಿದ. ಹೊರಗೆ ಬಂದವನೇ ನನ್ನ ತೋಳು ಹಿಡಿದ.

“ಜ್ವರದ ಮಾತು ಅದು. ದೊಡ್ಡ ದೊಡ್ಡ ವರ್ತಕರೆಲ್ಲ ಬರ್ತಾರೆ ಮಣ್ಣಿಗೆ. ಅವರೆದುರು ಹೆಂಡ ನಾರೋ ಮುದುಕ ಅಣ್ಣನ ಟೋಪಿ ಹಾಕ್ಕೊಂಡು ಕುಣಿಬೇಕಾ? ನೀನು ಮಗ. ನೀನೇ ಹೋಗಿ ಬರಬೇಡ ಅನ್ನು.”

“ಹೂಂ,” ಎಂದೆ. ಅಪ್ಪನಿಗೂ ಹೂಂ ಅಂದಿದ್ದೆ. ಒಂದೇ ಸೀಟನ್ನು ಇಬ್ಬರಿಗೆ ಮಾರಿದ ಗುಮಾಸ್ತ ನಾನು.

ಒಂದು ಗುರುವಾರ ಮುಂಜಾನೆ ಅಪ್ಪ ತೀರಿಕೊಂಡ. ಮಣ್ಣು ಅಂದೇ ಮಧ್ಯಾಹ್ನ. ಚಿಕ್ಕಪ್ಪ ನನ್ನ ಮುಖ ನೋಡಿದ. ನಾನು ಹೊಳೆ ದಾಟಿ ಹೋದೆ. ಸೊಗೊ ಮಾವ ಅದೇ ಮಾವಿನ ಮರದ ಕೆಳಗೆ ಕೂತು, ಬುರುಡೆಯ ತೂತಿಗೆ ಜೇಡನ ಮೊಟ್ಟೆಗೂಡಿನ ಬಿಳಿ ಪೊರೆ ಅಂಟಿಸುತ್ತಿದ್ದ. ಆ ಪೊರೆ ಇದ್ದರೆ ಮಾತ್ರ ಬಾಲಫೋನಿಗೆ ಝೇಂಕಾರ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಪೊರೆ ಹರಿಯಿತು, ಇನ್ನೊಂದು ತೆಗೆದುಕೊಂಡ.

“ಮಾವ, ಚಿಕ್ಕಪ್ಪ ಏನಂದ್ರು ಅಂದ್ರೆ… ದೊಡ್ಡವರೆಲ್ಲ ಬರ್ತಾರಂತೆ… ಅದಕ್ಕೆ ನೀನು…”

ಅವನು ತಲೆ ಎತ್ತದೆ ಕೇಳಿದ: “ಯಾವ ಅರ್ಧ ಹೂಳ್ತೀರಿ?”

“ಏನು?”

“ಮುಂದಿನ ಅರ್ಧ ನಿಮ್ದು. ನೀನು ಕೋಳಿ ಕೊಟ್ಟಿದ್ದೆ, ಒಪ್ತೀನಿ. ಹಿಂದಿನ ಅರ್ಧ ಇನ್ನೂ ನಂದು. ನನ್ನ ಕೇಳ್ದೆ ಹೂಳೋದಕ್ಕೆ ನಿನ್ನ ಚಿಕ್ಕಪ್ಪ ಯಾರ್ಲಾ?”

ಮನೆಗೆ ಬಂದು ಚಿಕ್ಕಪ್ಪನಿಗೆ, “ಹೇಳಿದೆ. ಅರ್ಥ ಮಾಡ್ಕೊಂಡ,” ಎಂದೆ. ಇನ್ನೇನು ಹೊರಟೇಬಿಟ್ಟಿತು ಎನ್ನುವ ಅದೇ ದನಿಯಲ್ಲಿ.

ಮಧ್ಯಾಹ್ನದ ನಮಾಜು ಮುಗಿಯಿತು. ಅಂಗಳದಲ್ಲಿ ಬಿಳಿ ನಿಲುವಂಗಿಗಳ ಜಾತ್ರೆ. ಹೆಂಗಸರು ಒಳಗೆ ಅಳುತ್ತಿದ್ದರು. ಅಪ್ಪನ ಜನಾಜಾ ಹೆಗಲಿಗೆ ಎತ್ತಿದೆವು, ಹತ್ತು ಹೆಜ್ಜೆ ನಡೆದೆವು, ನಿಂತೆವು. ಅಂಗಳದ ಬಾಗಿಲಿಗೆ ಅಡ್ಡಲಾಗಿ ನಮ್ಮಪ್ಪ ಮಲಗಿದ್ದ. ಅದೇ ನೀಲಿ ಟೋಪಿ, ಗುಂಡಿ ಕಿತ್ತ ಅದೇ ರೈಲ್ವೆ ಕೋಟು, ಎದೆಯ ಮೇಲೆ ಟಿಕೆಟ್ ತೂತು ಮಾಡುವ ಇಕ್ಕಳ. ಕೋಟಿನ ತೋಳು ಮಾತ್ರ ಅಂಗೈಗಿಂತ ಒಂದು ಗೇಣು ಉದ್ದವಿತ್ತು. ಬೆಳಿಗ್ಗೆಯಿಂದ ಚಿಕ್ಕಪ್ಪ ಆ ಟೋಪಿಯನ್ನು ಮನೆಯೆಲ್ಲ ಹುಡುಕಿದ್ದ. ಅಮ್ಮನನ್ನು ಕೇಳಿದಾಗ ಅವಳು ಅಳು ಜೋರು ಮಾಡಿದ್ದಳು.

ಮಲಗಿದ್ದವನು ಅಪ್ಪನಂತೆಯೇ ಮೂರು ಸಲ ಕೆಮ್ಮಿ, ಇಕ್ಕಳ ಕಟಕಟಾಯಿಸಿದ.

“ಟಿಕೆಟ್! ಎಲ್ಲಿಗೆ ಹೊಂಟೆ ಯೆರೊ? ಟಿಕೆಟ್ ತೋರ್ಸು. ಎರಡು ಸೀಟಿನ ಉದ್ದ ಇದ್ದೀಯ, ಎರಡು ಟಿಕೆಟ್ ಬೇಕು.”

ಯಾರೋ ಕಿಸಕ್ಕೆಂದರು. ಚಿಕ್ಕಪ್ಪನ ಮುಖ ಕೆಂಡವಾಯಿತು. “ಏಳು ಮೇಲೆ! ಎಳೆದು ಹಾಕ್ರೋ ಇವನನ್ನ!”

ಯಾರೂ ಮುಂದೆ ಬರಲಿಲ್ಲ. ಸೊಗೊ ಮಾವ ಮಲಗಿದ್ದಲ್ಲಿಂದಲೇ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿದ.

“ಓಹೋ, ಚಿಕ್ಕ ಆಳು! ಎಷ್ಟು ಗರಿಗರಿ ಬಟ್ಟೆ ಮಗ! ಹಸು ನೆಕ್ಕಿ ಇಸ್ತ್ರಿ ಮಾಡ್ತಾ? ಕೇಳು. ಈ ಮನುಷ್ಯನ ಹಿಂದಿನ ಅರ್ಧ ನನ್ನದು. ಇಪ್ಪತ್ಮೂರು ವರ್ಷದಿಂದ ಕಾಯ್ತಾ ಇವ್ನಿ. ಬೇಕಾದ್ರೆ ಮುಂದಿನ ಅರ್ಧ ತಗೊಂಡೋಗಿ ಹೂಣು. ಹಿಂದಿನದು ಇಲ್ಲೇ ಇಳ್ಸು.”

ಈಗ ಒಳಗಿನ ಅಳು ನಿಂತಿತು. ಅಮ್ಮ ಸೆರಗು ಬಾಯಿಗೆ ತುರುಕಿಕೊಂಡು ಕಿಟಕಿಗೆ ಬಂದಳು. ಚಿಕ್ಕಪ್ಪ ಇಮಾಮರ ಕಡೆ ತಿರುಗಿದ, “ನೀವಾದ್ರೂ ಹೇಳಿ” ಎನ್ನುವಂತೆ. ಕೋಳಿಯ ಕತೆ ಇಡೀ ಊರಿಗೆ ಗೊತ್ತಿದ್ದದ್ದೇ. ಇಮಾಮರು ಗಡ್ಡ ನೀವಿಕೊಂಡು, ಸೂರ್ಯನನ್ನು ನೋಡಿ, ನನ್ನನ್ನು ಕೇಳಿದರು:

“ಎರಡನೇ ಕೋಳಿ ಕೊಟ್ಟಿರಲಿಲ್ವಾ ನೀನು?”

“ಇಲ್ಲ.”

“ಮತ್ತೇನು ನಿಂತಿದ್ದೀಯ? ಬೇಗ ತಾ. ಹೊತ್ತಾಗ್ತಿದೆ.”

ಆಮೇಲಿನ ಕಾಲು ಗಂಟೆ ನನ್ನ ಬದುಕಿನ ಅತ್ಯಂತ ಘನವಾದ ಕಾಲು ಗಂಟೆ ಎಂದು ಬರೆಯಬೇಕಿತ್ತು. ಮೂವತ್ತು ವರ್ಷದ ಗಂಡಸು, ಅಪ್ಪನ ಹೆಣ ಹೆಗಲಿಂದ ಇಳಿಸಿ, ಬಿಳಿ ನಿಲುವಂಗಿ ಮೊಣಕಾಲಿಗೆ ಎತ್ತಿ ಕಟ್ಟಿ, ಇನ್ನೂರು ಜನರ ಎದುರು ಅಮ್ಮನ ಕೋಳಿಗಳ ಹಿಂದೆ ಓಡಿದೆ. ದಪ್ಪ ಕೋಳಿಗಳೆಲ್ಲ ಗೋಡೆ ಹಾರಿದವು. ಜನ ಎರಡು ಪಕ್ಷವಾದರು. “ಎಡಕ್ಕೆ, ಎಡಕ್ಕೆ!” “ಅದಲ್ಲ, ಆ ಕೆಂಪು!” ಒಬ್ಬ ದೊಡ್ಡ ವರ್ತಕರು ತಮ್ಮ ಕೊಡೆಯಿಂದ ಮೂಲೆ ಕಾದರು. ನೀರಿನ ಹರವಿ ಒಡೆಯಿತು. ಕೊನೆಗೆ ಕೈಗೆ ಸಿಕ್ಕಿದ್ದು ಓಡಲೂ ತ್ರಾಣವಿಲ್ಲದ ಒಂದು ಕುಂಟು ಕೋಳಿ. ತಿರುಗಿ ನೋಡಿದರೆ ಪಾತೆ ಚಿಕ್ಕಪ್ಪ ಗೋಡೆಗೆ ಹಣೆಯಿಟ್ಟು ನಿಂತಿದ್ದ, ಬೆನ್ನು ಕುಲುಕುತ್ತಿತ್ತು. ಅಳುತ್ತಿದ್ದಾನೆ ಎಂದುಕೊಂಡೆ. ನಗುತ್ತಿದ್ದ. ಆಮೇಲೆ ಅಳುತ್ತಿದ್ದ. ಎರಡೂ ಅಷ್ಟು ಬೇರೆಯಾಗಿ ಕಾಣಲಿಲ್ಲ.

ಸೊಗೊ ಮಾವ ಕೋಳಿಯನ್ನು ತೂಗಿದ, ಎದೆಯ ಪುಕ್ಕ ಊದಿದ.

“ಇಷ್ಟೇನಾ?”

“ಇಷ್ಟೇ ಮಾವ.”

“ಸರಿ ಬಿಡು. ಹಿಂದಿನ ಅರ್ಧವೂ ಬಿಟ್ಟಿವ್ನಿ,” ಎಂದು ಏಳಲು ಹೋದ. ಚಿಕ್ಕಪ್ಪನೇ ಕೈ ಕೊಟ್ಟು ಎಬ್ಬಿಸಿದ. ದಾರಿ ತೆರೆಯಿತು. ಜನಾಜಾ ದಾಟುವಾಗ ಸೊಗೊ ಮಾವ ಗೋಡೆಯ ಕಡೆ ತಿರುಗಿ ಟೋಪಿ ಸರಿಮಾಡಿಕೊಳ್ಳುತ್ತಲೇ ಇದ್ದ. ಒಂದು ಟೋಪಿ ಸರಿಮಾಡಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

ನಲವತ್ತನೇ ದಿನ ಕಳೆದ ಮೇಲೆ ಅವನ ತಂಗಿಯ ಅಂಗಡಿಗೆ ಹೋದೆ. ನನಗೆ ಶುಂಠಿ ಪಾನಕ ಕೊಟ್ಟರು. ನಾನು ಒಳಗೆ ಬರುತ್ತಿದ್ದಂತೆ ಬಾಲಫೋನ್ “ಬಂತು ಹಾಲಿನ ಚೆಂಬು” ಎಂದಿತು. ಈಗ ಆ ಹೆಸರು ನನ್ನದು. ಹಾಡು ಮುಗಿಯಲಿ ಎಂದು ಕಾದು, ಬೈಗುಳದ ನಂಟಿನವನನ್ನು ಯಾರೂ ಕೇಳಬಾರದ ಪ್ರಶ್ನೆಯನ್ನು ಕೇಳಿಯೇಬಿಟ್ಟೆ.

“ಮಾವ, ಅವತ್ತು ಗೋಡೆ ಕಡೆ ತಿರುಗಿದ್ದೆಯಲ್ಲ. ಅತ್ತ್ಯಾ ನೀನು?”

ಅವನು ಕೋಲು ಕೆಳಗಿಟ್ಟ.

“ಅಳ್ದೆ ಇರ್ತೀನಾ? ಅಂಥಾ ಬಡಕಲು ಕೋಳಿ ಇಸ್ಕೊಂಡು ಅರ್ಧ ಮನುಷ್ಯನ್ನ ಕಳ್ಕೊಂಡೆ.”